ಜೂನ್ 2, ಬೆಂಗಳೂರು: ಒಂದೇ ದಿನಾಂಕದ ಹವಾಮಾನ ಚರಿತ್ರೆಯನ್ನು ನೀವೇ ಕಟ್ಟುವ ಬಗೆ

2024ರ ಜೂನ್ 2, ಭಾನುವಾರ. ಬೆಂಗಳೂರು ನಗರ ವೀಕ್ಷಣಾಲಯದ ಮಳೆಮಾಪಕದಲ್ಲಿ ಅಂದಿನ ಲೆಕ್ಕಕ್ಕೆ ಸಿಕ್ಕಿದ್ದು 111.1 ಮಿ.ಮೀ. ಮಳೆ. ಇಡೀ ಜೂನ್ ತಿಂಗಳ ಸರಾಸರಿಯೇ 110.3 ಮಿ.ಮೀ. ಇರುವ ಊರಿದು. ತಿಂಗಳ ಪಾಲು ಒಂದೇ ದಿನದಲ್ಲಿ ಸುರಿದು ಹೋಯಿತು. ಜೂನ್ ತಿಂಗಳ ಒಂದು ದಿನದ ಅತಿ ಹೆಚ್ಚು ಮಳೆ ಎಂಬ ಪಟ್ಟ ಅಲ್ಲಿಯವರೆಗೆ 1891ರ ಜೂನ್ 16ರದ್ದು, 101.6 ಮಿ.ಮೀ. ಅದು 133 ವರ್ಷಗಳ ನಂತರ ಮುರಿಯಿತು ಎಂದು ಪತ್ರಿಕೆಗಳೆಲ್ಲ ಬರೆದವು.

ಇದಾದ ಮೇಲೆ ಜೂನ್ ಮೊದಲ ವಾರದಲ್ಲಿ ಗೃಹಪ್ರವೇಶ, ಆರತಕ್ಷತೆ ಇಟ್ಟುಕೊಂಡವರು ಕೇಳುವ ಪ್ರಶ್ನೆ ಒಂದೇ: ಜೂನ್ 2ರಂದು ಬೆಂಗಳೂರಿನಲ್ಲಿ ಸಾಮಾನ್ಯವಾಗಿ ಹೇಗಿರುತ್ತದೆ? ಗೂಗಲ್‌ನಲ್ಲಿ ಹುಡುಕಿದರೆ ಉತ್ತರ ಕೂಡಲೇ ಬರುತ್ತದೆ. ಗರಿಷ್ಠ ಇಷ್ಟು, ಕನಿಷ್ಠ ಇಷ್ಟು, ದಾಖಲೆ ಇಷ್ಟು ಎಂದು ಅಚ್ಚುಕಟ್ಟಾದ ಒಂದು ಪುಟ. ಆದರೆ ಎರಡು ಜಾಲತಾಣಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಅಂಕಿಗಳು ಹೊಂದುವುದಿಲ್ಲ. ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬೊಬ್ಬರ 'ಬೆಂಗಳೂರು' ಬೇರೆ, ಒಬ್ಬೊಬ್ಬರ 'ಜೂನ್ 2' ಬೇರೆ. ಅಂಕಿ ಹುಡುಕುವುದು ಸುಲಭದ ಕೆಲಸ. ಆ ಅಂಕಿ ಯಾವ ಜಾಗದ್ದು, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗಿನದು ಎಂದು ಪಟ್ಟು ಹಿಡಿದು ಕೇಳುವುದೇ ಇಲ್ಲಿ ಮುಕ್ಕಾಲು ಪಾಲು ಕೆಲಸ. ಸ್ಪ್ರೆಡ್‌ಶೀಟ್ ಬಳಸಲು ಬಂದರೆ ಸಾಕು, ಪ್ರೋಗ್ರಾಮಿಂಗ್ ಬರಬೇಕಿಲ್ಲ. ಬಂದರೆ ಸಮಯ ಉಳಿಯುತ್ತದೆ, ಅಷ್ಟೇ.

ಹಂತ 1: ಯಾವ ಪಂಚಾಂಗದ ದಿನ?

ನಿಮಗೆ ಬೇಕಿರುವುದು ನಿಜಕ್ಕೂ ಇಂಗ್ಲಿಷ್ ಕ್ಯಾಲೆಂಡರಿನ ದಿನಾಂಕವೇ ಎಂದು ಮೊದಲು ನೋಡಿಕೊಳ್ಳಿ. 'ಗಣೇಶನ ಹಬ್ಬದಂದು ಮಳೆ ಬರುತ್ತದೆಯೇ' ಎಂಬ ಪ್ರಶ್ನೆಗೆ ಈ ಮಾರ್ಗದರ್ಶಿ ನೇರವಾಗಿ ಉತ್ತರ ಕೊಡದು. ಚೌತಿ ಒಂದು ವರ್ಷ ಆಗಸ್ಟ್ ಕೊನೆಗೆ ಬಂದರೆ ಇನ್ನೊಂದು ವರ್ಷ ಸೆಪ್ಟೆಂಬರ್ ಮಧ್ಯಕ್ಕೆ ಹೋಗುತ್ತದೆ. ಹಾಗಾಗಿ ಪ್ರತಿ ವರ್ಷದ ಹಬ್ಬದ ದಿನಾಂಕಗಳ ಪಟ್ಟಿ ಮಾಡಿಕೊಂಡು ಆಯಾ ದಿನದ ಅಂಕಿ ಹೆಕ್ಕಬೇಕು. ಮಕರ ಸಂಕ್ರಾಂತಿಗೆ ಈ ತಾಪತ್ರಯವಿಲ್ಲ, ಅದು ಸೂರ್ಯನ ಲೆಕ್ಕದ ಹಬ್ಬ.

ನಮ್ಮ ರೈತರ ಮಳೆ ನಕ್ಷತ್ರಗಳೂ ಸೂರ್ಯನ ಲೆಕ್ಕದವೇ. ರೋಹಿಣಿ ಮಳೆ ಪ್ರತಿ ವರ್ಷ ಮೇ 25ರ ಆಸುಪಾಸಿನಲ್ಲಿ ಹುಟ್ಟಿ ಜೂನ್ 7–8ರ ಹೊತ್ತಿಗೆ ಮೃಗಶಿರಕ್ಕೆ ಜಾಗ ಬಿಡುತ್ತದೆ. ನಮ್ಮ ಜೂನ್ 2 ರೋಹಿಣಿಯ ಒಳಗಿನ ದಿನ. 'ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ' ಎನ್ನುವವರು ಒಂದು ದಿನಾಂಕವನ್ನು ಹಿಡಿದು ಮಾತಾಡುವುದಿಲ್ಲ, ಹದಿಮೂರು–ಹದಿನಾಲ್ಕು ದಿನದ ಒಂದು ಗಡಿ ಹಾಕಿ ಮಾತಾಡುತ್ತಾರೆ. ಇದು ಎಷ್ಟು ಜಾಣತನದ ಕ್ರಮ ಎಂಬುದು ಹಂತ 7ರಲ್ಲಿ ಗೊತ್ತಾಗುತ್ತದೆ.

ಹಂತ 2: ಯಾವ ಬೆಂಗಳೂರು?

ಭಾರತೀಯ ಹವಾಮಾನ ಇಲಾಖೆ ಬೆಂಗಳೂರಿನ ಅಂಕಿ ಎಂದು ಕೊಡುವಾಗ ಸಾಮಾನ್ಯವಾಗಿ ನಾಲ್ಕು ಹೆಸರು ಕಾಣುತ್ತವೆ: ಬೆಂಗಳೂರು ನಗರ, ಎಚ್‌ಎಎಲ್ ವಿಮಾನ ನಿಲ್ದಾಣ, ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಮತ್ತು ಹೆಬ್ಬಾಳದ ಕಡೆಯ ಜಿಕೆವಿಕೆ, ಅಂದರೆ ಕೃಷಿ ವಿಶ್ವವಿದ್ಯಾಲಯದ ಆವರಣ. ಹಳೆಯ, ಉದ್ದನೆಯ ದಾಖಲೆ ಇರುವುದು ಅರಮನೆ ರಸ್ತೆಯ ನಗರ ವೀಕ್ಷಣಾಲಯದಲ್ಲಿ. ಅದರ ಅಂತರರಾಷ್ಟ್ರೀಯ ಸಂಖ್ಯೆ 43295. ಇದನ್ನು ಬರೆದಿಟ್ಟುಕೊಳ್ಳಿ. ಹೆಸರಿನಿಂದ ಹುಡುಕಿದರೆ ಹಳೆಯ ಕಾಗುಣಿತ, ಹೊಸ ಕಾಗುಣಿತ ಎಂದು ಗೊಂದಲವಾಗುತ್ತದೆ, ಸಂಖ್ಯೆಯಿಂದ ಹುಡುಕಿದರೆ ಆಗದು.

ಖಾಸಗಿ ಹವಾಮಾನ ತಾಣಗಳು ಬಹಳಷ್ಟು ಸಲ ವಿಮಾನ ನಿಲ್ದಾಣದ ವರದಿಗಳನ್ನೇ ಊರಿನ ಹವೆ ಎಂದು ತೋರಿಸುತ್ತವೆ. ಪೈಲಟ್‌ಗಳಿಗೆಂದು ಬರುವ ಆ ವರದಿಯಲ್ಲಿ ಉಷ್ಣಾಂಶ ಪೂರ್ಣಾಂಕದಲ್ಲಿರುತ್ತದೆ, ದಶಮಾಂಶ ಇರುವುದಿಲ್ಲ. ಇನ್ನೊಂದು ತೊಡಕೂ ಇದೆ. 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳು ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಹೋದವು. ಎಚ್‌ಎಎಲ್‌ನ ಸಂಕೇತ ವಿಒಬಿಜಿ, ದೇವನಹಳ್ಳಿಯದು ವಿಒಬಿಎಲ್. ಒಂದು ತಾಣ 2008ರ ಮುಂಚಿನದಕ್ಕೆ ಮೊದಲನೆಯದನ್ನೂ ಆಮೇಲಿನದಕ್ಕೆ ಎರಡನೆಯದನ್ನೂ ಬೆಸೆದಿದ್ದರೆ ನೀವು ನೋಡುತ್ತಿರುವುದು ಎರಡು ಊರುಗಳ ಹವೆ. ಪಟ್ಟಣದ ಕಾಂಕ್ರೀಟಿನ ನಡುವಿನ ರಾತ್ರಿಗೂ ದೇವನಹಳ್ಳಿಯ ಬಯಲಿನ ರಾತ್ರಿಗೂ ಇರುವ ವ್ಯತ್ಯಾಸ ಸಣ್ಣದಲ್ಲ. ಯಾವ ತಾಣ ಯಾವ ಕೇಂದ್ರ ಬಳಸಿದೆ ಎಂದು ಪುಟದ ಅಡಿಯಲ್ಲಿ ಹೇಳಿರದಿದ್ದರೆ ಆ ಪುಟವನ್ನು ಬಿಟ್ಟುಬಿಡಿ ಎಂಬುದು ನನ್ನ ಸಲಹೆ.

ಮಳೆಯ ವಿಷಯದಲ್ಲಂತೂ ಕೇಂದ್ರದ ಆಯ್ಕೆ ಇನ್ನೂ ಮುಖ್ಯ. ಮೇ–ಜೂನ್‌ನ ಗುಡುಗು ಮಳೆ ಮಲ್ಲೇಶ್ವರವನ್ನು ತೋಯಿಸಿ ಜಯನಗರವನ್ನು ಒಣಗಿದಂತೆಯೇ ಬಿಡಬಲ್ಲದು. ನಗರ ವೀಕ್ಷಣಾಲಯದ ಅಂಕಿ ಒಂದು ಮಾಪಕದ ಬಾಯಿಗೆ ಬಿದ್ದ ನೀರಿನ ಅಂಕಿ, ನಿಮ್ಮ ಬಡಾವಣೆಯದಲ್ಲ. ಬಡಾವಣೆ ಮಟ್ಟದ್ದು ಬೇಕಾದರೆ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಟೆಲಿಮೆಟ್ರಿ ಮಳೆಮಾಪಕಗಳ ಜಾಲವಿದೆ. ಆದರೆ ಅದು ಈಚಿನ ವರ್ಷಗಳ ಜಾಲ, ನೂರು ವರ್ಷದ ಚರಿತ್ರೆ ಅಲ್ಲಿ ಸಿಗದು. ಒಂದನ್ನೇ ಹಿಡಿಯಿರಿ. ನಾವು 43295ನ್ನು ಹಿಡಿಯೋಣ.

ಹಂತ 3: ಮಳೆಯ ದಿನ ಬೆಳಗ್ಗೆ 8:30ಕ್ಕೆ ಮುಗಿಯುತ್ತದೆ

ಇಡೀ ಬರಹದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ನಮಗೆ ದಿನ ಎಂದರೆ ಮಧ್ಯರಾತ್ರಿಯಿಂದ ಮಧ್ಯರಾತ್ರಿ, ಇಲ್ಲವೇ ಸೂರ್ಯೋದಯದಿಂದ ಸೂರ್ಯೋದಯ. ಮಳೆ ಅಳೆಯುವವರಿಗೆ ದಿನ ಎಂದರೆ ಬೆಳಗ್ಗೆ 8:30ರಿಂದ ಮರುದಿನ ಬೆಳಗ್ಗೆ 8:30. ವೀಕ್ಷಕರು ಆ ಹೊತ್ತಿಗೆ ಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು, ಹಿಂದಿನ 24 ಗಂಟೆಯ ಮಳೆ ಎಂದು ಅಂದಿನ ದಿನಾಂಕದ ಮುಂದೆ ಬರೆಯುತ್ತಾರೆ. 8:30 ಎಂಬ ವಿಚಿತ್ರ ಹೊತ್ತು ಬಂದದ್ದು ಜಗತ್ತಿನ ಹವಾಮಾನ ಕೇಂದ್ರಗಳೆಲ್ಲ ಒಂದೇ ಕ್ಷಣಕ್ಕೆ ಅಳತೆ ತೆಗೆಯುವ ಏರ್ಪಾಟಿನಿಂದ. ಜಾಗತಿಕ ಕಾಲಮಾನದ 3 ಗಂಟೆ ನಮಗೆ ಎಂಟೂವರೆ.

ಇದರ ಪರಿಣಾಮ ಏನು? ಬೆಂಗಳೂರಿನ ಮುಂಗಾರು ಪೂರ್ವದ ಮಳೆ ಹೆಚ್ಚಾಗಿ ಸಂಜೆ, ರಾತ್ರಿ ಬರುವುದು. ಜೂನ್ 2ರ ಸಂಜೆ ಏಳಕ್ಕೆ ಬಿದ್ದ ಮಳೆಯನ್ನು ಅಳೆದು ಬರೆಯುವುದು ಜೂನ್ 3ರ ಬೆಳಗ್ಗೆ. ಹಾಗಾಗಿ ರಿಜಿಸ್ಟರಿನ ಕ್ರಮ ಅನುಸರಿಸುವ ಕಡತಗಳಲ್ಲಿ ಅದು ಜೂನ್ 3ರ ಸಾಲಿಗೆ ಬೀಳುತ್ತದೆ. ಮರುದಿನದ ಪತ್ರಿಕೆ ಮಾತ್ರ 'ಭಾನುವಾರದ ಮಳೆ' ಎಂದೇ ಬರೆಯುತ್ತದೆ, ಅದೂ ತಪ್ಪಲ್ಲ.

ಎರಡು ಪ್ರಸಿದ್ಧ ಮಳೆಗಳನ್ನು ಹೋಲಿಸಿ ನೋಡಿ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳೆಲ್ಲ ಮುಳುಗಿ ಟ್ರ್ಯಾಕ್ಟರುಗಳಲ್ಲಿ ಜನ ಕಚೇರಿಗೆ ಹೋದರಲ್ಲ, ಆ ಮಳೆ ಬಂದದ್ದು ಸೆಪ್ಟೆಂಬರ್ 4, ಭಾನುವಾರದ ರಾತ್ರಿ. ಆ 131.6 ಮಿ.ಮೀ. ಪಟ್ಟಿಗಳಲ್ಲಿ ಕೂತದ್ದು ಸೆಪ್ಟೆಂಬರ್ 5ರ ಹೆಸರಿನಲ್ಲಿ. 2024ರ ಜೂನ್ 2 ಕೂಡ ಭಾನುವಾರ, ಮಳೆ ಕೂಡ ಸಂಜೆ–ರಾತ್ರಿಯದೇ. ಆದರೆ ಅದು ಸುದ್ದಿಗಳಲ್ಲಿ ನಿಂತದ್ದು ಜೂನ್ 2 ಎಂದೇ. ಒಂದೇ ಬಗೆಯ ಎರಡು ಭಾನುವಾರ ರಾತ್ರಿಗಳು, ಒಂದಕ್ಕೆ ಸೋಮವಾರದ ಚೀಟಿ, ಇನ್ನೊಂದಕ್ಕೆ ಭಾನುವಾರದ ಚೀಟಿ. ದಿನಾಂಕದ ಹವಾಮಾನ ದಾಖಲೆ ಮಾಡಹೊರಟವರನ್ನು ಎಡವಿಸುವುದು ಇಂಥದ್ದೇ.

ಪರಿಹಾರ ಸರಳ. ನಿಮ್ಮ ಹಾಳೆಯಲ್ಲಿ ಮಳೆಗೆ ಎರಡು ದಿನಾಂಕದ ಕಾಲಂ ಇಡಿ: 'ಅಳೆದ ದಿನ' ಮತ್ತು 'ಸುರಿದ ದಿನ'. ಎರಡನೆಯದು ಮೊದಲನೆಯದಕ್ಕಿಂತ ಒಂದು ಕಡಿಮೆ. ಜೂನ್ 2ರ ಮಳೆ ಬೇಕೆಂದರೆ ಅಳೆದ ದಿನ ಜೂನ್ 3 ಇರುವ ಸಾಲುಗಳನ್ನು ತೆಗೆಯಿರಿ. ಬೆಳಗಿನ ಜಾವದಿಂದ ಎಂಟೂವರೆವರೆಗೆ ಬಿದ್ದ ಮಳೆಗೆ ಈ ಸೂತ್ರ ಒಂದಿಷ್ಟು ಅನ್ಯಾಯ ಮಾಡುತ್ತದೆ ಎನ್ನುವುದು ನಿಜ. ಕರಾವಳಿಯಲ್ಲಿ ಜುಲೈ ಮಳೆ ಹಗಲು ರಾತ್ರಿ ಎನ್ನದೆ ಹೊಯ್ಯುವಾಗ ಅದು ದೊಡ್ಡ ತೊಡಕು. ಬೆಂಗಳೂರಿನ ಜೂನ್ ಆರಂಭಕ್ಕೆ ಅಷ್ಟೇನಲ್ಲ.

ಉಷ್ಣಾಂಶದಲ್ಲಿ ಸಮಸ್ಯೆ ಕಡಿಮೆ. ಕನಿಷ್ಠ ಉಷ್ಣಾಂಶ ಸೂರ್ಯ ಹುಟ್ಟುವ ಹೊತ್ತಿಗೆ ಆಗಿ, ಎಂಟೂವರೆಗೆ ಓದಿದಾಗ ಅದೇ ದಿನಾಂಕಕ್ಕೆ ಬೀಳುತ್ತದೆ. ಗರಿಷ್ಠ ಮಧ್ಯಾಹ್ನ ಆಗುವುದರಿಂದ ಸಂಜೆ 5:30ರ ಓದಿನಲ್ಲಿ ಅದೇ ದಿನಾಂಕಕ್ಕೆ ಸಿಗುತ್ತದೆ. ಜಾಗತಿಕ ಕಾಲಮಾನದ ದಿನವನ್ನು ಹಿಡಿದು ಮಾಡಿದ ವಿದೇಶಿ ಕಡತಗಳಲ್ಲಿ ಮಾತ್ರ ಎಚ್ಚರ ಬೇಕು. ಅಲ್ಲಿ ದಿನ ಬದಲಾಗುವುದು ನಮ್ಮ ಬೆಳಗ್ಗೆ 5:30ಕ್ಕೆ, ಸರಿಯಾಗಿ ಚಳಿ ಹೆಚ್ಚಿರುವ ಹೊತ್ತಿಗೆ. ಒಂದೇ ತಣ್ಣನೆಯ ಮುಂಜಾನೆ ಎರಡು ದಿನಗಳ ಕನಿಷ್ಠವಾಗಿ ಎಣಿಕೆಯಾಗಿ ಬಿಡಬಹುದು.

ಹಂತ 4: ಅಂಕಿಗಳನ್ನು ತರುವುದು

ನಾಲ್ಕು ದಾರಿಗಳಿವೆ. ನಾನು ಹೇಳುವ ಕ್ರಮದಲ್ಲೇ ಹೋಗಿ.

ಮೊದಲು ಹವಾಮಾನ ಇಲಾಖೆ ಪ್ರಕಟಿಸಿರುವ ತಿಂಗಳುವಾರು ವಿಪರೀತಗಳ ಪಟ್ಟಿ. ಪ್ರತಿ ತಿಂಗಳಿಗೂ ಆ ಕೇಂದ್ರದಲ್ಲಿ ಈವರೆಗಿನ ಅತಿ ಹೆಚ್ಚು, ಅತಿ ಕಡಿಮೆ ಉಷ್ಣಾಂಶ, 24 ಗಂಟೆಯ ಅತಿ ಹೆಚ್ಚು ಮಳೆ, ದಿನಾಂಕ ಮತ್ತು ವರ್ಷದ ಸಮೇತ ಅದರಲ್ಲಿರುತ್ತದೆ. ದಿನಾಂಕದ ದಾಖಲೆ ಅದರಲ್ಲಿ ಸಿಗದು, ಆದರೆ ಒಂದು ಬೇಲಿ ಸಿಗುತ್ತದೆ. ಜೂನ್ ತಿಂಗಳ ದಾಖಲೆಯೇ 111.1 ಆಗಿರುವಾಗ ಯಾವುದೋ ತಾಣ ಜೂನ್ 2ಕ್ಕೆ ಇದೇ ಕೇಂದ್ರದ ಹೆಸರಿನಲ್ಲಿ 180 ತೋರಿಸಿದರೆ ಅದು ಕಸ. ಹಾಗೆಯೇ ನಗರ ವೀಕ್ಷಣಾಲಯದ ಸಾರ್ವಕಾಲಿಕ ಗರಿಷ್ಠ 2016ರ ಏಪ್ರಿಲ್ 24ರ 39.2 ಡಿಗ್ರಿ, ಕನಿಷ್ಠ 1884ರ ಜನವರಿ 13ರ 7.8 ಡಿಗ್ರಿ. ಇವುಗಳ ಆಚೆಗೆ ಹೋದ ಯಾವ ಅಂಕಿಯನ್ನೂ ಸುಮ್ಮನೆ ಒಳಗೆ ಬಿಡಬೇಡಿ.

ಎರಡನೆಯದು ಪುಣೆಯಲ್ಲಿರುವ ಇಲಾಖೆಯ ದತ್ತಾಂಶ ಕೇಂದ್ರ. ದಿನದಿನದ ಅಧಿಕೃತ ಅಂಕಿಗೆ ಅದೇ ತವರು. ಆನ್‌ಲೈನಿನಲ್ಲಿ ಹೆಸರು ನೋಂದಾಯಿಸಿ, ಕೇಂದ್ರ, ಅವಧಿ, ಯಾವ ಯಾವ ಅಂಶ ಬೇಕು ಎಂದು ಅರ್ಜಿ ಹಾಕಬೇಕು. ಬಳಸುವ ಉದ್ದೇಶ ಯಾವುದು ಎಂದು ಕೇಳುತ್ತಾರೆ. ವಿದ್ಯಾರ್ಥಿಗಳಾಗಿದ್ದರೆ ಕಾಲೇಜಿನ ಪತ್ರ ಸಿದ್ಧವಿಟ್ಟುಕೊಳ್ಳಿ. ಕೋರ್ಟು, ವಿಮೆ, ಪ್ರಬಂಧ ಎಂಬ ಗಂಭೀರ ಕೆಲಸಗಳಿಗೆ ಈ ದಾರಿ ಬಿಟ್ಟು ಬೇರೆ ಹಿಡಿಯಬೇಡಿ.

ಮೂರನೆಯದು ಅಮೆರಿಕದ ನೋವಾ ಸಂಸ್ಥೆಯ ಜಾಗತಿಕ ದೈನಂದಿನ ಭಂಡಾರ, ಜಿಎಚ್‌ಸಿಎನ್-ಡೈಲಿ. ಬೆಂಗಳೂರಿನ ಕಡತ ಅದರಲ್ಲಿ ಉಚಿತವಾಗಿ, ಸ್ಪ್ರೆಡ್‌ಶೀಟಿನಲ್ಲಿ ನೇರವಾಗಿ ತೆರೆಯುವ ಸಿಎಸ್‌ವಿ ರೂಪದಲ್ಲಿ ಸಿಗುತ್ತದೆ. ಹವ್ಯಾಸಕ್ಕೆ ಇದೇ ಅನುಕೂಲ. ಆದರೆ ನಾಲ್ಕು ಮಾತು ನೆನಪಿರಲಿ. ಮಳೆಯ ಅಂಕಿ ಮಿ.ಮೀ.ನ ಹತ್ತನೇ ಒಂದು ಭಾಗದಲ್ಲಿರಬಹುದು, ಅಂದರೆ 1111 ಎಂದು ಕಂಡರೆ 111.1 ಎಂದು ಓದಬೇಕು. ಉಷ್ಣಾಂಶಕ್ಕೂ ಅದೇ. ಅಂಕಿ ಇಲ್ಲದ ಜಾಗದಲ್ಲಿ -9999 ಇದ್ದರೆ ಅದನ್ನು ಸರಾಸರಿಗೆ ಸೇರಿಸಬೇಡಿ. ಪ್ರತಿ ಅಂಕಿಯ ಪಕ್ಕದಲ್ಲಿ ಅದರ ಮೂಲ ಹೇಳುವ ಒಂದು ಅಕ್ಷರವಿರುತ್ತದೆ. ಅದು 'ಎಸ್' ಆಗಿದ್ದರೆ ಆ ಅಂಕಿ ರಿಜಿಸ್ಟರಿನಿಂದ ಬಂದದ್ದಲ್ಲ, ಕೇಂದ್ರಗಳು ಪರಸ್ಪರ ಕಳಿಸುವ ತಾಸು ತಾಸಿನ ಸಂದೇಶಗಳನ್ನು ಕೂಡಿಸಿ ಮಾಡಿದ್ದು. ಅಂಥವು, ಮುಖ್ಯವಾಗಿ ಮಳೆ, ನಿಜವಾದ ದಿನದ ಮೊತ್ತಕ್ಕಿಂತ ಬಹಳ ಬೇರೆ ಇರಬಹುದು ಎಂದು ನೋವಾ ತಾನೇ ಎಚ್ಚರಿಕೆ ಬರೆದಿದೆ. ಆ ಟಿಪ್ಪಣಿ ಓದದೆ ಕಡತ ಇಳಿಸಿಕೊಳ್ಳುವವರೇ ಹೆಚ್ಚು.

ನಾಲ್ಕನೆಯದು ಚೌಕುಳಿ ದತ್ತಾಂಶ. ದೇಶವನ್ನು ಅಕ್ಷಾಂಶ ರೇಖಾಂಶದ ಕಾಲು ಡಿಗ್ರಿ ಮನೆಗಳಾಗಿ ಹಂಚಿ, ಸುತ್ತಲಿನ ಮಾಪಕಗಳಿಂದ ಪ್ರತಿ ಮನೆಗೂ ದಿನದ ಮಳೆ ಅಂದಾಜಿಸಿದ ಕಡತಗಳನ್ನು ಹವಾಮಾನ ಇಲಾಖೆ 1901ರಿಂದ ಈಚೆಗೆ ಉಚಿತವಾಗಿ ಕೊಡುತ್ತದೆ. ಬೆಂಗಳೂರಿಗೆ ಹತ್ತಿರದ ಬಿಂದು ಉತ್ತರ 13.0, ಪೂರ್ವ 77.5. ಉಷ್ಣಾಂಶದ್ದು ಒಂದು ಡಿಗ್ರಿ ಮನೆ, 1951ರಿಂದ. ಪೈಥಾನ್ ಬರುವವರಿಗೆ ಐಎಂಡಿಲಿಬ್ ಎಂಬ ಉಪಕರಣ ಇದೆ, ಅದು ಈ ಕಡತಗಳನ್ನು ತಾನೇ ಬಿಚ್ಚಿಕೊಡುತ್ತದೆ. ಖಾಲಿ ಬಿಡದ, ಒಂದೂ ವರ್ಷ ತಪ್ಪದ ಸರಣಿ ಸಿಗುವುದು ಇದರ ಲಾಭ. ಸುಮಾರು 27 ಕಿ.ಮೀ. ಅಗಲದ ಮನೆಯ ಸರಾಸರಿ ಆಗಿರುವುದರಿಂದ ಗುಡುಗು ಮಳೆಯ ತುದಿಗಳೆಲ್ಲ ಸವೆದು ಹೋಗಿರುವುದು ನಷ್ಟ. ಮಳೆ ಬಂತೇ ಇಲ್ಲವೇ ಎಂದು ನೋಡಲು ಬಳಸಿ, ದಾಖಲೆ ಹೇಳಲು ಬಳಸಬೇಡಿ.

ಯುರೋಪಿನವರ ಇಆರ್‌ಎ5 ಎಂಬ ಮರುವಿಶ್ಲೇಷಣೆ 1940ರಿಂದ ತಾಸು ತಾಸಿನ ಹವೆ ಕೊಡುತ್ತದೆ. ಓಪನ್-ಮೀಟಿಯೋದಂಥ ತಾಣಗಳಲ್ಲಿ ಅದು ಕ್ಷಣದಲ್ಲಿ ಸಿಗುತ್ತದೆ, ನೋಡಲು ಅಧಿಕೃತ ಅಂಕಿಯಂತೆಯೇ ಇರುತ್ತದೆ. ಅದು ಕಂಪ್ಯೂಟರ್ ಮಾದರಿ ಕಟ್ಟಿದ ಹವೆ, ಮಾಪಕ ಅಳೆದ ಮಳೆ ಅಲ್ಲ. ಅಂದು ಗಾಳಿ ಯಾವ ಕಡೆಯದಿತ್ತು, ಮೋಡ ಎಷ್ಟಿತ್ತು ಎಂಬ ಹಿನ್ನೆಲೆಗೆ ಒಳ್ಳೆಯದು.

ಹಂತ 5: ಹಳೆಯ ಅಂಕಿಗಳ ಇಂಚು ಮತ್ತು ಫ್ಯಾರನ್‌ಹೀಟ್

ಇದು ನನಗೆ ಬಹಳ ಇಷ್ಟದ ಭಾಗ. 1891ರ ಆ 101.6 ಮಿ.ಮೀ.ಯನ್ನು 25.4ರಿಂದ ಭಾಗಿಸಿ ನೋಡಿ. ಸರಿಯಾಗಿ 4 ಇಂಚು. 2016ಕ್ಕೆ ಮುಂಚೆ ಬೆಂಗಳೂರಿನ ಗರಿಷ್ಠ ದಾಖಲೆ 1931ರ ಮೇ 22ರ 38.9 ಡಿಗ್ರಿ ಆಗಿತ್ತು. ಅದನ್ನು ಫ್ಯಾರನ್‌ಹೀಟಿಗೆ ತಿರುಗಿಸಿದರೆ 102. ಆ 7.8 ಡಿಗ್ರಿ ಚಳಿ ತಿರುಗಿಸಿದರೆ 46. ದಶಮಾಂಶದ ಹೊಳಪಿನ ಹಿಂದೆ ಹಳೆಯ ಅಳತೆಯ ದುಂಡು ಅಂಕಿಗಳು ಅಡಗಿ ಕೂತಿವೆ.

ಹಾಗಾಗಿ ಹಳೆಯ ಸಾಲುಗಳ ನಿಖರತೆ ನಾವು ನೋಡುವ ದಶಮಾಂಶದಷ್ಟು ಇರಬೇಕಿಲ್ಲ. 1931ರ 38.9ಕ್ಕೂ ಈಗಿನ ಒಂದು 38.8ಕ್ಕೂ ನಡುವೆ ಯಾರು ಗೆದ್ದರು ಎಂದು ವಾದಿಸುವುದರಲ್ಲಿ ಅರ್ಥವಿಲ್ಲ.

ಹಳೆಯ ಮಳೆ ಲೆಕ್ಕ ಇಂಚು ಮತ್ತು ಸೆಂಟಿನಲ್ಲಿರುತ್ತದೆ. ನೂರು ಸೆಂಟು ಒಂದು ಇಂಚು, ಅಂದರೆ ಒಂದು ಸೆಂಟು 0.254 ಮಿ.ಮೀ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ಬೆಳೆಗಾರರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹೂಮಳೆ ಎಷ್ಟು ಬಂತು ಎಂದರೆ ಈಗಲೂ 'ಒಂದು ಇಂಚು ಇಪ್ಪತ್ತು ಸೆಂಟು' ಎನ್ನುತ್ತಾರೆ, ಮಿ.ಮೀ. ಅವರ ಬಾಯಿಗೆ ಬರುವುದಿಲ್ಲ. ಎಷ್ಟೋ ಎಸ್ಟೇಟುಗಳಲ್ಲಿ ತಲೆಮಾರುಗಳಿಂದ ಬರೆದ ಮಳೆ ಪುಸ್ತಕಗಳಿವೆ. ನಿಮ್ಮ ದಿನಾಂಕ ಬೆಂಗಳೂರಿನದಲ್ಲದೆ ಮಲೆನಾಡಿನದಾಗಿದ್ದರೆ ಸರ್ಕಾರಿ ಕಡತಕ್ಕಿಂತ ಮೊದಲು ಅಂಥ ಪುಸ್ತಕ ಕೇಳಿ ನೋಡಿ.

ಮೈಸೂರು ಸಂಸ್ಥಾನವೂ 1890ರ ದಶಕದಿಂದ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗದ ವೀಕ್ಷಣೆಗಳ ವಾರ್ಷಿಕ ವರದಿ ಅಚ್ಚು ಹಾಕಿಸುತ್ತಿತ್ತು. ಹಳೆಯ ಗ್ರಂಥಾಲಯಗಳಲ್ಲಿ ಕೈಗೆ ಸಿಕ್ಕರೆ ಬಿಡಬೇಡಿ. ಓದುವಾಗ ಒಂದು ವಿಷಯ ಗಮನಿಸಿ: ಭಾರತೀಯ ಕಾಲಮಾನ ಜಾರಿಗೆ ಬಂದದ್ದು 1906ರ ಜನವರಿ 1ರಿಂದ. ಅದಕ್ಕೂ ಹಿಂದಿನ 'ಬೆಳಗ್ಗೆ ಎಂಟು' ಈಗಿನ ಗಡಿಯಾರದ ಎಂಟಲ್ಲ.

ಹಂತ 6: ಹಾಳೆ ಹಾಕಿ, ಸೋಸಿ

ಒಂದು ವರ್ಷಕ್ಕೆ ಒಂದು ಸಾಲು. ಕಾಲಂಗಳು: ವರ್ಷ, ಗರಿಷ್ಠ, ಕನಿಷ್ಠ, ಮಳೆ, ಮಳೆ ಅಳೆದ ದಿನ, ಮೂಲ, ಷರಾ. ಇಡೀ ಕಡತ ಇಳಿಸಿಕೊಂಡಿದ್ದರೆ ದಿನಾಂಕದಿಂದ ತಿಂಗಳು ಮತ್ತು ದಿನವನ್ನು ಬೇರೆ ಕಾಲಂಗೆ ತೆಗೆದು, ತಿಂಗಳು 6, ದಿನ 2 ಎಂದು ಫಿಲ್ಟರ್ ಹಾಕಿದರೆ ಮುಗಿಯಿತು. ಮಳೆಗೆ ಮಾತ್ರ ದಿನ 3. 'ವರ್ಷದ 153ನೇ ದಿನ' ಎಂದು ಎಣಿಸಿ ತೆಗೆಯಬೇಡಿ, ಅಧಿಕ ವರ್ಷದಲ್ಲಿ ಅದು ಜೂನ್ 1 ಆಗಿಬಿಡುತ್ತದೆ.

ಸೋಸುವಾಗ ನೋಡಬೇಕಾದ್ದು: ಕನಿಷ್ಠಕ್ಕಿಂತ ಗರಿಷ್ಠ ಕಡಿಮೆ ಇರುವ ಸಾಲು, ಹಿಂದಿನ ದಿನದ್ದೇ ಅಂಕಿ ಮತ್ತೆ ಮತ್ತೆ ಬಂದ ಸಾಲು, ತಿಂಗಳ ಬೇಲಿ ದಾಟಿದ ಸಾಲು. ಎಲ್ಲಕ್ಕಿಂತ ಮೋಸಗಾರ ಎಂದರೆ ಸೊನ್ನೆ. ಮಳೆಯ ಕಾಲಂನಲ್ಲಿ ಸೊನ್ನೆ ಇದ್ದರೆ ಮಳೆ ಬರಲಿಲ್ಲ ಎಂದರ್ಥ. ಖಾಲಿ ಇದ್ದರೆ ಗೊತ್ತಿಲ್ಲ ಎಂದರ್ಥ. ಸ್ಪ್ರೆಡ್‌ಶೀಟಿನಲ್ಲಿ ಖಾಲಿ ಜಾಗಕ್ಕೆ ಯಾರೋ ಸೊನ್ನೆ ತುಂಬಿದರೆ ಊರು ಇದ್ದಕ್ಕಿದ್ದಂತೆ ಬರಗಾಲಕ್ಕೆ ಬೀಳುತ್ತದೆ. ಅಳೆಯಲಾಗದಷ್ಟು ಕಡಿಮೆ ಹನಿ ಬಿದ್ದ ದಿನಕ್ಕೂ ಪ್ರತ್ಯೇಕ ಗುರುತು ಇರುತ್ತದೆ, ಅದನ್ನೂ ಉಳಿಸಿಕೊಳ್ಳಿ.

ಅನುಮಾನ ಬಂದ ಸಾಲಿಗೆ ಹಳೆಯ ಪತ್ರಿಕೆ ನೋಡಿ. ಪ್ರಜಾವಾಣಿ 1948ರಿಂದ ಇದೆ. ಅಲ್ಲಿಂದ ಈಚಿನ ದೊಡ್ಡ ಮಳೆಯೊಂದು ಮರುದಿನದ ಅಥವಾ ಅದರ ಮರುದಿನದ ಪುಟಗಳಲ್ಲಿ ಇರದೆ ಹೋಗುವ ಸಂಭವ ಕಡಿಮೆ. ಹವಾಮಾನದ ಸಣ್ಣ ಚೌಕಟ್ಟಿನಲ್ಲಿ 'ಬೆಳಗ್ಗೆ 8:30ಕ್ಕೆ ಕೊನೆಗೊಂಡಂತೆ' ಎಂಬ ಸಾಲು ಇದ್ದರೆ ದಿನಾಂಕದ ಜಗಳವೂ ಅಲ್ಲೇ ತೀರುತ್ತದೆ.

ಹಂತ 7: ಲೆಕ್ಕ

ಉಷ್ಣಾಂಶಕ್ಕೆ ನಾಲ್ಕು ದಾಖಲೆ ತೆಗೆಯಿರಿ: ಅತಿ ಬಿಸಿ ಹಗಲು, ಅತಿ ತಂಪು ಹಗಲು, ಅತಿ ತಣ್ಣನೆ ರಾತ್ರಿ, ಅತಿ ಸೆಕೆಯ ರಾತ್ರಿ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಊರು ಬೆಳೆದದ್ದು, ಕೆರೆ ಮುಚ್ಚಿದ್ದು, ಡಾಂಬರು ಹರಡಿದ್ದು ಮೊದಲು ಕಾಣುವುದು ರಾತ್ರಿಯ ಉಷ್ಣಾಂಶದಲ್ಲೇ. ಸರಾಸರಿಗೆ 1991ರಿಂದ 2020ರ ಮೂವತ್ತು ವರ್ಷ ಬಳಸಿ, ವಿಶ್ವ ಹವಾಮಾನ ಸಂಸ್ಥೆಯ ಈಗಿನ ಮಾನದಂಡ ಅದು. 1961–1990ರದ್ದನ್ನೂ ಪಕ್ಕದಲ್ಲಿಟ್ಟರೆ ಬದಲಾವಣೆ ಕಾಣುತ್ತದೆ.

ಮಳೆಗೆ ಸರಾಸರಿ ಬೇಡ. ಮೂವತ್ತು ವರ್ಷದಲ್ಲಿ ಇಪ್ಪತ್ತೊಂಬತ್ತು ವರ್ಷ ಜೂನ್ 2 ಒಣಗಿದ್ದು, ಒಂದೇ ವರ್ಷ 111.1 ಮಿ.ಮೀ. ಬಂತು ಎಂದುಕೊಳ್ಳಿ. ಸರಾಸರಿ 3.7 ಮಿ.ಮೀ. ಬರುತ್ತದೆ. 'ಜೂನ್ 2ರಂದು ಸಾಮಾನ್ಯವಾಗಿ 3.7 ಮಿ.ಮೀ. ಮಳೆ' ಎಂದು ಬರೆದರೆ ಒಂದು ವರ್ಷವೂ ನಡೆಯದ ಸಂಗತಿಯನ್ನು ಸಾಮಾನ್ಯ ಎಂದಂತಾಯಿತು. ಅದರ ಬದಲು ಎಷ್ಟು ವರ್ಷ ಮಳೆ ಬಂತು ಎಂದು ಎಣಿಸಿ. 2.5 ಮಿ.ಮೀ. ಅಥವಾ ಹೆಚ್ಚು ಬಂದರೆ ಮಾತ್ರ ಇಲಾಖೆ ಅದನ್ನು 'ಮಳೆಯ ದಿನ' ಎನ್ನುತ್ತದೆ. 64.5ರಿಂದ 115.5ರವರೆಗೆ ಭಾರಿ ಮಳೆ, 115.6ರಿಂದ 204.4 ಅತಿ ಭಾರಿ, ಅದರಾಚೆ ಅತ್ಯಂತ ಭಾರಿ. ಈ ಲೆಕ್ಕದಲ್ಲಿ 2024ರ ಜೂನ್ 2 'ಭಾರಿ' ಮಾತ್ರ, 2022ರ ಸೆಪ್ಟೆಂಬರ್ 'ಅತಿ ಭಾರಿ'. ನಗರದ 24 ಗಂಟೆಯ ಸಾರ್ವಕಾಲಿಕ ದಾಖಲೆ ಎಂದು ಹೆಸರಾದ 1997ರ ಅಕ್ಟೋಬರ್ 1ರ ಮಳೆ ಸುಮಾರು 179 ಮಿ.ಮೀ. ಅದೂ ಅತ್ಯಂತ ಭಾರಿ ಎನಿಸಿಕೊಳ್ಳಲಿಲ್ಲ. ಆಗುಂಬೆಯವರು ಇದನ್ನು ಓದಿ ನಗಬಹುದು, ನಗಲಿ.

ಈಗ ರೋಹಿಣಿಯ ಮಾತಿಗೆ ಬರೋಣ. ಮೂವತ್ತು ವರ್ಷದ ಜೂನ್ 2 ಎಂದರೆ ಬರೀ ಮೂವತ್ತು ಅಂಕಿ. ಜೂನ್ 2ರಂದು ಹತ್ತು ವರ್ಷ ಮಳೆ ಬಂದು, ಜೂನ್ 3ರಂದು ಆರೇ ವರ್ಷ ಬಂದಿದ್ದರೆ ಮುಹೂರ್ತವನ್ನು ಒಂದು ದಿನ ಮುಂದೂಡುವುದು ಜಾಣತನವೇ? ಅಲ್ಲ. ಅದು ಶುದ್ಧ ಆಕಸ್ಮಿಕ. ಆಕಾಶಕ್ಕೆ 2 ಮತ್ತು 3ರ ವ್ಯತ್ಯಾಸ ಗೊತ್ತಿಲ್ಲ. ಹಾಗಾಗಿ ದಿನಾಂಕದ ಎರಡೂ ಪಕ್ಕಕ್ಕೆ ಏಳೇಳು ದಿನ ಸೇರಿಸಿ, ಮೇ 26ರಿಂದ ಜೂನ್ 9ರವರೆಗೆ ಹದಿನೈದು ದಿನದ ಕಿಟಕಿ ತೆಗೆಯಿರಿ. ಮೂವತ್ತು ವರ್ಷಕ್ಕೆ 450 ಅಂಕಿ ಆಯಿತು. ಅದರಲ್ಲಿ ಎಷ್ಟು ಮಳೆಯ ದಿನ ಎಂದು ಎಣಿಸಿದರೆ ಬರುವ ಶೇಕಡಾವಾರನ್ನು ನಂಬಬಹುದು. ನೆರೆಯ ದಿನಗಳು ಒಂದನ್ನೊಂದು ಹಿಂಬಾಲಿಸುವುದರಿಂದ 450 ಪೂರ್ತಿ ಸ್ವತಂತ್ರ ಅಂಕಿಗಳಲ್ಲ, ಆದರೂ ಮೂವತ್ತಕ್ಕಿಂತ ಎಷ್ಟೋ ಮೇಲು. ಆ ಕಿಟಕಿ ಹೆಚ್ಚುಕಡಿಮೆ ರೋಹಿಣಿ ಮಳೆಯ ಗಡಿಗೇ ಬಂದು ನಿಂತಿರುವುದನ್ನು ಗಮನಿಸಿ. ಮುಂಗಾರು ಕಾಲಿಡುವುದು ಇದೇ ಕಿಟಕಿಯೊಳಗೆ ಆಗಿರುವುದರಿಂದ ಕೊನೆಯ ದಿನಗಳ ಹವೆ ಮೊದಲ ದಿನಗಳದರಂತೆ ಇರದು. ಅದು ಕಾಡಿದರೆ ಐದೈದು ದಿನಕ್ಕೆ ಇಳಿಸಿ.

ಹಂತ 8: 'ದಾಖಲೆ ಮುರಿಯಿತು' ಎಂಬುದನ್ನು ತೂಗಿ ನೋಡುವುದು

ಹವೆ ಬದಲಾಗದೆ ಇದ್ದರೂ ದಾಖಲೆಗಳು ಮುರಿಯುತ್ತಲೇ ಇರುತ್ತವೆ. 125 ವರ್ಷದ ಸರಣಿ ಇದ್ದರೆ, ಈ ವರ್ಷದ ಜೂನ್ 2 ಅವೆಲ್ಲಕ್ಕಿಂತ ಬಿಸಿ ಆಗುವ ಸಾಧ್ಯತೆ ಸುಮಾರು 125ರಲ್ಲಿ ಒಂದು. ವರ್ಷಕ್ಕೆ 365 ದಿನಾಂಕಗಳಿರುವುದರಿಂದ ಒಂದೇ ಕೇಂದ್ರದಲ್ಲಿ ಪ್ರತಿ ವರ್ಷ ಸುಮಾರು ಮೂರು ದಿನಾಂಕಗಳ ಬಿಸಿ ದಾಖಲೆ ಸುಮ್ಮನೆ ಮುರಿಯಬೇಕು. ಅಷ್ಟೇ ತಂಪು ದಾಖಲೆಗಳೂ. ಮೂರರ ಬದಲು ಹತ್ತು ಬಿಸಿ ದಾಖಲೆ ಮುರಿದು, ತಂಪು ದಾಖಲೆ ಒಂದೂ ಮುರಿಯದೆ ವರ್ಷಗಟ್ಟಲೆ ನಡೆದರೆ ಅದು ಸುದ್ದಿ. ಒಂದು ದಿನಾಂಕದ ಒಂದು ದಾಖಲೆಯಿಂದ ಹವಾಮಾನ ಬದಲಾವಣೆಯನ್ನು ಸಾಬೀತು ಮಾಡಲೂ ಆಗದು, ಅಲ್ಲಗಳೆಯಲೂ ಆಗದು.

ತಿಂಗಳ ದಾಖಲೆ ಬೇರೆ ತೂಕದ್ದು. 2024ರ ಮಳೆ ಮುರಿದದ್ದು ಜೂನ್ 2 ಎಂಬ ದಿನಾಂಕದ ದಾಖಲೆಯನ್ನಷ್ಟೇ ಅಲ್ಲ, ಮೂವತ್ತು ದಿನಾಂಕಗಳ ಒಟ್ಟು ದಾಖಲೆಯನ್ನು. ನಿಮ್ಮ ಬರಹದಲ್ಲಿ ಇವೆರಡನ್ನು ಬೆರೆಸಬೇಡಿ. 'ಜೂನ್ 2ರ ಸಾರ್ವಕಾಲಿಕ ದಾಖಲೆ' ಎಂದರೂ ನಿಜ, 'ಜೂನ್ ತಿಂಗಳ ದಾಖಲೆ' ಎಂದರೂ ನಿಜ, ಆದರೆ ಎರಡನೆಯದರ ಮುಂದೆ ಮೊದಲನೆಯದು ಸಪ್ಪೆ.

ಫಲಿತಾಂಶ ಬರೆಯುವಾಗ ಪ್ರತಿ ದಾಖಲೆಯ ಜೊತೆ ನಾಲ್ಕು ವಿವರ ಇರಲಿ: ಕೇಂದ್ರ, ಸರಣಿ ಆರಂಭವಾದ ವರ್ಷ, ಎಷ್ಟು ವರ್ಷದ ಅಂಕಿ ಸಿಗಲಿಲ್ಲ, ಮಳೆಯ ದಿನ ಯಾವ ಗಂಟೆಯಿಂದ ಯಾವ ಗಂಟೆ. ಉದಾಹರಣೆಗೆ: 'ಬೆಂಗಳೂರು ನಗರ, 43295, ಜೂನ್ 2 ಬೆಳಗ್ಗೆ 8:30ರಿಂದ ಜೂನ್ 3 ಬೆಳಗ್ಗೆ 8:30, 111.1 ಮಿ.ಮೀ., 2024'. ಓದಲು ಒರಟು, ಆದರೆ ಐವತ್ತು ವರ್ಷದ ನಂತರ ಬರುವವರಿಗೆ ಅನುಮಾನ ಉಳಿಯದು.

ಬೇರೆ ಊರಿನವರಿಗೆ

ಮಂಗಳೂರಿನವರು ಪಣಂಬೂರು ಮತ್ತು ಬಜ್ಪೆ ಎಂಬ ಎರಡು ಕೇಂದ್ರಗಳನ್ನು ಬೆರೆಸಬಾರದು. ಒಂದು ಕಡಲ ದಂಡೆಯಲ್ಲಿ, ಇನ್ನೊಂದು ಗುಡ್ಡದ ಮೇಲೆ. ಬೆಳಗಾವಿಯವರು ತಮ್ಮ ಅಂಕಿ ಪಟ್ಟಣದ್ದೋ ಸಾಂಬ್ರಾ ವಿಮಾನ ನಿಲ್ದಾಣದ್ದೋ ಎಂದು ನೋಡಿಕೊಳ್ಳಬೇಕು. ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ಕೆಲಸ ನಮಗಿಂತ ಸುಲಭ. ಅಲ್ಲಿನ ಬಹುತೇಕ ಊರುಗಳ ದಿನದಿನದ ಕಡತ ನೋವಾದಲ್ಲಿ ಉಚಿತವಾಗಿದೆ, ವಿಮಾನ ನಿಲ್ದಾಣದ ಸ್ವಯಂಚಾಲಿತ ಕೇಂದ್ರಗಳ ದಿನ ಮಧ್ಯರಾತ್ರಿಗೇ ಮುಗಿಯುತ್ತದೆ. ಆದರೆ ಹಗಲು ಉಳಿತಾಯಕ್ಕೆಂದು ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸುತ್ತಾರಲ್ಲ, ಆ ಕೇಂದ್ರಗಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಜೂನ್ 2ರ ಅವರ ಹವಾಮಾನ ದಿನ ಶುರುವಾಗುವುದು ಕೈಗಡಿಯಾರದಲ್ಲಿ ರಾತ್ರಿ ಒಂದು ಗಂಟೆಗೆ.